ಒಪ್ಪಂದಕ್ಕೆ ಸಹಿ ಹಾಕಿದ ದೇಶದ ಟೆಂಡರ್‌ನಲ್ಲೂ ಹೊರದೇಶದ ಬಿಡ್ ಯಾಕೆ ಗೆಲ್ಲುವುದಿಲ್ಲ?

ಪ್ರಶ್ನೆ: ತೂಕದಕಲ್ಲು

ಎಲ್ಲರಿಗೂ ನಮಸ್ಕಾರ. ಆಮದು ಸರಕು ಸುಂಕ ಕಟ್ಟಿ ಒಳಗೆ ಬಂದ ಮೇಲೆ ಅದನ್ನು ಸ್ವದೇಶಿ ಸರಕಿಗಿಂತ ಕೀಳಾಗಿ ಕಾಣಬಾರದು ಎಂಬುದು ದೇಶಗಳ ನಡುವಿನ ಸರಕು ವ್ಯಾಪಾರದ ಗ್ಯಾಟ್ ಒಪ್ಪಂದದ ಮೂಲ ನಿಯಮಗಳಲ್ಲಿ ಒಂದು. ಹಾಗಿದ್ದೂ ಅದೇ ಒಪ್ಪಂದದ ಸದಸ್ಯ ದೇಶಗಳು ಟೆಂಡರ್ ಕರೆಯುವಾಗ ‘ಸ್ವದೇಶಿ ತಯಾರಕರಿಗೆ ಮಾತ್ರ’ ಎಂದು ಮುಚ್ಚುಮರೆ ಇಲ್ಲದೆ ಬರೆಯುತ್ತವೆ. ಸರ್ಕಾರಿ ಖರೀದಿ ಒಪ್ಪಂದಕ್ಕೆ ಪ್ರತ್ಯೇಕವಾಗಿ ಸಹಿ ಹಾಕಿದ ದೇಶಗಳಲ್ಲೂ ಹೊರಗಿನವರಿಗೆ ನೇರವಾಗಿ ಗುತ್ತಿಗೆ ಸಿಗುವುದು ಅಪರೂಪ.

ಮೂರು ವಿಷಯ ಸ್ಪಷ್ಟವಾಗಬೇಕು. ಒಂದು, ಟೆಂಡರ್ ಪ್ರಕಟಣೆ ಕೈಗೆ ಬಂದಾಗ ಅದು ಹೊರದೇಶದವರಿಗೆ ಕಾನೂನಿನ ಪ್ರಕಾರ ತೆರೆದಿದೆಯೇ ಎಂದು ತಿಳಿಯುವುದು ಹೇಗೆ? ಎರಡು, ತೆರೆದಿದ್ದರೂ ಬಿಡ್ ಮುಗ್ಗರಿಸುವುದು ಎಲ್ಲಿ? ಮೂರು, ಸ್ವದೇಶಿ ಬಿಡ್‌ಗೆ ಶೇ 10–15ರಷ್ಟು ಬೆಲೆ ಆದ್ಯತೆ ಕೊಟ್ಟರೆ ಖಜಾನೆಗೆ ಯಾವಾಗಲೂ ನಷ್ಟವೇ? ಕಡತ ಮುಂದಿಟ್ಟುಕೊಂಡು ಕೂತಾಗ ಉಪಯೋಗಕ್ಕೆ ಬರುವಂಥ ಉತ್ತರ ಬೇಕು.

ಉತ್ತರ: ಅನುಬಂಧಏಳು

ಮೊದಲ ಗೊಂದಲಕ್ಕೆ ಉತ್ತರ ಗ್ಯಾಟ್‌ನಲ್ಲೇ ಇದೆ. ಸಮಾನವಾಗಿ ಕಾಣಬೇಕು ಎನ್ನುವ 3ನೇ ವಿಧಿಯೇ, ತನ್ನ 8ನೇ ಪರಿಚ್ಛೇದದ ‘ಎ’ ಭಾಗದಲ್ಲಿ, ಸರ್ಕಾರ ಸ್ವಂತ ಬಳಕೆಗೆ ಕೊಳ್ಳುವ, ಮರುಮಾರಾಟಕ್ಕಲ್ಲದ ಸರಕನ್ನು ಹೊರಗಿಟ್ಟಿದೆ. ಸೇವೆಗಳಿಗೆ, ಸೇವಾ ವ್ಯಾಪಾರದ ಒಪ್ಪಂದವಾದ ಗ್ಯಾಟ್ಸ್‌ನ 13ನೇ ವಿಧಿ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ‘ಸ್ವದೇಶಿ ಮಾತ್ರ’ ಎಂಬ ಷರತ್ತು ತಾನಾಗಿಯೇ ಉಲ್ಲಂಘನೆ ಆಗುವುದಿಲ್ಲ.

ಹಾಗೆಂದು ಈ ವಿನಾಯಿತಿ ಎಷ್ಟು ಬೇಕಾದರೂ ಹಿಗ್ಗುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಸಿರು ವಿದ್ಯುತ್ ಯೋಜನೆಯ ಮೇಲೆ 2013ರಲ್ಲಿ, ಭಾರತದ ಸೌರಕೋಶ ಪ್ರಕರಣದಲ್ಲಿ 2016ರಲ್ಲಿ, ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಒಂದೇ ತರ್ಕ ಹೇಳಿತು: ಸರ್ಕಾರ ಕೊಂಡದ್ದು ವಿದ್ಯುತ್ತು, ತಾರತಮ್ಯ ನಡೆದದ್ದು ವಿದ್ಯುತ್ ಉತ್ಪಾದಿಸುವ ಉಪಕರಣದ ಮೇಲೆ, ಕೊಳ್ಳುವ ವಸ್ತುವಿಗೂ ತಾರತಮ್ಯಕ್ಕೊಳಗಾದ ವಸ್ತುವಿಗೂ ಪೈಪೋಟಿಯ ಸಂಬಂಧವಿಲ್ಲದಿದ್ದರೆ ವಿನಾಯಿತಿ ಸಿಗದು. ಸ್ಥಳೀಯ ಅಂಶದ (ಇಂತಿಷ್ಟು ಪಾಲು ಸ್ವದೇಶಿ ಇರಬೇಕೆಂಬ) ಷರತ್ತು ಬರೆಯುವವರು ಈ ಎರಡು ತೀರ್ಪನ್ನು ಮರೆಯಬಾರದು.

ಹೊರಗಿಟ್ಟ ಈ ಕ್ಷೇತ್ರವನ್ನು ಒಪ್ಪಿದವರ ಮಟ್ಟಿಗೆ ಒಳಗೆ ತರುವುದೇ ಜಿಪಿಎ ಎಂದು ಕರೆಯುವ ಸರ್ಕಾರಿ ಖರೀದಿ ಒಪ್ಪಂದ. ಮೊದಲ ರೂಪ 1979ರ ಟೋಕಿಯೊ ಸುತ್ತಿನ ವ್ಯಾಪಾರ ಮಾತುಕತೆಯದು, 1981ರಲ್ಲಿ ಜಾರಿಯಾಯಿತು. 1994ರದ್ದು 1996ರಿಂದ, 2012ರ ಪರಿಷ್ಕೃತ ರೂಪ 2014ರ ಏಪ್ರಿಲ್ 6ರಿಂದ ಜಾರಿಯಲ್ಲಿದೆ. ಇದು ಎಲ್ಲ ಸದಸ್ಯರಿಗೂ ಕಡ್ಡಾಯವಲ್ಲ. ಚೀನಾ 2007ರಲ್ಲೇ ಅರ್ಜಿ ಹಾಕಿ ಇನ್ನೂ ಮಾತುಕತೆಯಲ್ಲಿದೆ. ಭಾರತ 2010ರಿಂದ ವೀಕ್ಷಕ ಮಾತ್ರ.

ಇಲ್ಲಿ ಹಲವರು ಎಡವುತ್ತಾರೆ. ದೇಶ ಸಹಿ ಹಾಕಿದೆ ಎಂದರೆ ಅದರ ಎಲ್ಲ ಟೆಂಡರ್ ತೆರೆಯಿತು ಎಂದಲ್ಲ. ಬಾಗಿಲು ತೆರೆಯುವುದು ಆ ದೇಶ ಒಪ್ಪಂದಕ್ಕೆ ಲಗತ್ತಿಸಿದ ಪಟ್ಟಿ. ಪ್ರತಿ ದೇಶದ ಪಟ್ಟಿಯಲ್ಲೂ 7 ಅನುಬಂಧಗಳಿವೆ: 1 ಕೇಂದ್ರ ಸರ್ಕಾರದ ಇಲಾಖೆಗಳು, 2 ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು, 3 ಇತರ ಸಾರ್ವಜನಿಕ ಸಂಸ್ಥೆಗಳು, 4 ಸರಕು, 5 ಸೇವೆ, 6 ನಿರ್ಮಾಣ ಕಾಮಗಾರಿ, 7 ಸಾಮಾನ್ಯ ಟಿಪ್ಪಣಿಗಳು. ಓದುವ ಕ್ರಮ ಹೀಗಿರಲಿ. ಮೊದಲು ಟೆಂಡರ್ ಕರೆದ ಸಂಸ್ಥೆಯ ಹೆಸರು 1ರಿಂದ 3ರವರೆಗಿನ ಅನುಬಂಧದಲ್ಲಿ ಅಕ್ಷರಶಃ ಇದೆಯೇ ನೋಡಿ. ಆಮೇಲೆ ಅಂದಾಜು ಮೊತ್ತ ಮಿತಿಯನ್ನು ಮುಟ್ಟುತ್ತದೆಯೇ ನೋಡಿ. ಸಾಮಾನ್ಯವಾಗಿ ಕೇಂದ್ರದ ಸರಕು-ಸೇವೆಗೆ 1,30,000 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ರಾಜ್ಯಮಟ್ಟಕ್ಕೆ 2,00,000, ಇತರ ಸಂಸ್ಥೆಗಳಿಗೆ 4,00,000, ಕಾಮಗಾರಿಗೆ 50 ಲಕ್ಷ ಎಸ್‌ಡಿಆರ್. ಎಲ್ಲರಿಗೂ ಇದೇ ಅಂಕಿ ಅಲ್ಲ. ಅಮೆರಿಕ ಮತ್ತು ಕೆನಡಾದ ರಾಜ್ಯಮಟ್ಟದ ಮಿತಿ 3,55,000. ಎಸ್‌ಡಿಆರ್ ಮಿತಿಯನ್ನು ಸ್ಥಳೀಯ ಹಣಕ್ಕೆ ಎರಡು ವರ್ಷಕ್ಕೊಮ್ಮೆ ಪರಿವರ್ತಿಸಿ ಪ್ರಕಟಿಸುತ್ತಾರೆ. ಐರೋಪ್ಯ ಒಕ್ಕೂಟದ 2024–25ರ ಅಂಕಿಗಳು, ಅದೇ ಕ್ರಮದಲ್ಲಿ, 1,43,000, 2,21,000, 4,43,000 ಮತ್ತು 55,38,000 ಯೂರೊ. ಹಳೆಯ ಕೋಷ್ಟಕ ಹಿಡಿದು ಲೆಕ್ಕ ಹಾಕಿದರೆ ಗಡಿಯಂಚಿನ ಟೆಂಡರ್‌ಗಳಲ್ಲಿ ತಪ್ಪುತ್ತದೆ.

ಕೊನೆಗೆ 7ನೇ ಅನುಬಂಧ ಮತ್ತು ಪ್ರತಿ ಅನುಬಂಧದ ಅಡಿಟಿಪ್ಪಣಿ. ಸಾಲುಸಾಲಾಗಿ ಓದಬೇಕಾದ್ದು ಇವನ್ನೇ. ಅಮೆರಿಕದ 50 ರಾಜ್ಯಗಳಲ್ಲಿ 37 ಮಾತ್ರ ಪಟ್ಟಿಯಲ್ಲಿವೆ. ಸಣ್ಣ ಉದ್ದಿಮೆಗಳಿಗೆ ಕಾದಿಟ್ಟ ಖರೀದಿ ಪೂರ್ತಿ ಹೊರಗೆ. ಫೆಡರಲ್ ಹಣದಲ್ಲಿ ರಾಜ್ಯಗಳು ಮಾಡುವ ಹೆದ್ದಾರಿ ಮತ್ತು ಸಾಮೂಹಿಕ ಸಾರಿಗೆ ಕಾಮಗಾರಿಗಳೂ ಹೊರಗೆ. ‘ಇಂಥ ದೇಶ ನಮಗೆ ಸಮಾನ ಅವಕಾಶ ಕೊಡುವವರೆಗೆ ಅದರ ಬಿಡ್‌ದಾರರಿಗೆ ಇದು ಅನ್ವಯಿಸದು’ ಎಂಬ ಸಾಲುಗಳೂ ಇಲ್ಲೇ ಅಡಗಿರುತ್ತವೆ.

ಪಟ್ಟಿಯ ಮಹತ್ವಕ್ಕೆ ದಕ್ಷಿಣ ಕೊರಿಯಾದ ಇಂಚಿಯೋನ್ ವಿಮಾನ ನಿಲ್ದಾಣದ ಪ್ರಕರಣ ನೋಡಿ. ಅರ್ಹತೆಯ ಷರತ್ತುಗಳು ತಾರತಮ್ಯದಿಂದ ಕೂಡಿವೆ ಎಂದು ಅಮೆರಿಕ ದೂರಿತು. 2000ದಲ್ಲಿ ಬಂದ ತೀರ್ಪು ಆ ಷರತ್ತುಗಳ ತನಕ ಹೋಗಲೇ ಇಲ್ಲ: ನಿಲ್ದಾಣ ಕಟ್ಟುತ್ತಿದ್ದ ಸಂಸ್ಥೆಗಳು ಕೊರಿಯಾದ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಒಪ್ಪಂದವೇ ಅನ್ವಯಿಸದು. ಸಚಿವಾಲಯ ಪಟ್ಟಿಯಲ್ಲಿದ್ದರೆ ಅದು ಹುಟ್ಟುಹಾಕಿದ ಪ್ರಾಧಿಕಾರವೂ ಇರುತ್ತದೆ ಎಂದು ಊಹಿಸಿಕೊಳ್ಳಬೇಡಿ.

ಉತ್ತರ: ನೀಲಿಶಾಯಿ

ಎರಡನೇ ಪ್ರಶ್ನೆಗೆ. ಐರೋಪ್ಯ ಲೆಕ್ಕಪರಿಶೋಧನಾ ನ್ಯಾಯಾಲಯ 2023ರಲ್ಲಿ ಕೊಟ್ಟ ವರದಿ ಕಣ್ಣು ತೆರೆಸುವಂಥದ್ದು. ಒಂದೇ ಮಾರುಕಟ್ಟೆ, ಒಂದೇ ನಿರ್ದೇಶನ, ಒಂದೇ ಪ್ರಕಟಣಾ ತಾಣ ಇರುವ ಒಕ್ಕೂಟದೊಳಗೂ ನೆರೆದೇಶದ ಕಂಪನಿಗೆ ನೇರವಾಗಿ ಸಿಗುವ ಗುತ್ತಿಗೆ ಶೇ 5ರ ಆಸುಪಾಸು. 2011ರಿಂದ 2021ರ ನಡುವೆ ಒಬ್ಬನೇ ಬಿಡ್‌ದಾರ ಬಂದ ಟೆಂಡರ್‌ಗಳ ಪಾಲು ಶೇ 23.5ರಿಂದ 41.8ಕ್ಕೆ ಏರಿದೆ, ಸರಾಸರಿ ಬಿಡ್‌ದಾರರ ಸಂಖ್ಯೆ 5.7ರಿಂದ 3.2ಕ್ಕೆ ಇಳಿದಿದೆ. ಕಾನೂನು ಬಾಗಿಲು ತೆರೆದ ಮೇಲೂ ಒಳಗೆ ಬರುವವರಿಲ್ಲ.

ಬಿಡ್ ಮೊದಲು ಸಾಯುವುದು ತಾಂತ್ರಿಕ ವಿವರಣೆಯಲ್ಲಿ. ಐರ್ಲೆಂಡ್‌ನ ಡಂಡಾಕ್ ಪಟ್ಟಣದ ನೀರು ಸರಬರಾಜು ಯೋಜನೆಯಲ್ಲಿ ಪೈಪುಗಳು ಐರಿಷ್ ಮಾನಕ 188ಕ್ಕೆ ಪ್ರಮಾಣಿತವಾಗಿರಬೇಕು ಎಂದಿತ್ತು. ಆ ಪ್ರಮಾಣಪತ್ರ ಇದ್ದದ್ದು ಒಬ್ಬನೇ ತಯಾರಕನ ಬಳಿ, ಅವನೂ ಐರ್ಲೆಂಡ್‌ನವನೇ. ಅಂತರರಾಷ್ಟ್ರೀಯ ಮಾನಕಕ್ಕೆ ಸರಿಹೊಂದಿದ ಸ್ಪೇನ್‌ನ ಪೈಪು ಕೊಡುತ್ತೇನೆಂದ ಬಿಡ್ ತಿರಸ್ಕೃತವಾಯಿತು. ‘ಅಥವಾ ಅದಕ್ಕೆ ಸಮಾನವಾದುದು’ ಎಂಬ ಮಾತು ಇಲ್ಲದ್ದೇ ದೋಷ ಎಂದು ಐರೋಪ್ಯ ನ್ಯಾಯಾಲಯ 1988ರಲ್ಲಿ ಹೇಳಿತು. 1995ರಲ್ಲಿ ನೆದರ್‌ಲ್ಯಾಂಡ್ಸ್‌ನ ಟೆಂಡರ್‌ನಲ್ಲಿ ‘ಯುನಿಕ್ಸ್’ (ಒಂದು ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆ) ಎಂಬ ಒಂದೇ ಪದ ಬರೆದು ಬಿಟ್ಟದ್ದಕ್ಕೂ ಅದೇ ಗತಿ. ಜಿಪಿಎ 10ನೇ ವಿಧಿ ಇದನ್ನೇ ನಿಯಮವಾಗಿಸಿದೆ: ವಿನ್ಯಾಸಕ್ಕಿಂತ ಕಾರ್ಯಕ್ಷಮತೆ ವಿವರಿಸಿ, ಅಂತರರಾಷ್ಟ್ರೀಯ ಮಾನಕ ಇದ್ದರೆ ಅದನ್ನು ಬಳಸಿ, ಬ್ರ್ಯಾಂಡ್ ಹೆಸರು ಅನಿವಾರ್ಯವಾದರೆ ‘ಸಮಾನವಾದುದು’ ಎಂದು ಸೇರಿಸಿ.

ಆದರೆ ಆ ಮಾತು ಸೇರಿಸಿದರಷ್ಟೇ ಸಾಲದು. ಸಮಾನತೆಯನ್ನು ಯಾವ ಗುಣಗಳ ಮೇಲೆ, ಯಾವ ಪರೀಕ್ಷಾ ವರದಿಯಿಂದ, ಯಾವ ಪ್ರಯೋಗಾಲಯದ ಮಾನ್ಯತೆಯಿಂದ ಸಾಬೀತು ಮಾಡಬೇಕು ಎಂದು ದಾಖಲೆಯಲ್ಲಿ ಇರದಿದ್ದರೆ ಮೌಲ್ಯಮಾಪನ ಸಮಿತಿ ಪರಿಚಿತ ಬ್ರ್ಯಾಂಡ್‌ಗೇ ಮರಳುತ್ತದೆ. ಬಿಡ್‌ದಾರರು ಈ ಪ್ರಶ್ನೆಯನ್ನು ಸ್ಪಷ್ಟೀಕರಣದ ಅವಧಿಯಲ್ಲೇ ಲಿಖಿತವಾಗಿ ಕೇಳಬೇಕು. ಬಿಡ್ ತೆರೆದ ಮೇಲೆ ಕೇಳಿದರೆ ಉತ್ತರ ಬಂದರೂ ಪ್ರಯೋಜನವಿಲ್ಲ.

ಎರಡನೆಯದು ಸಮಯ. ಮುಕ್ತ ಟೆಂಡರ್‌ಗೆ ಜಿಪಿಎ ಕನಿಷ್ಠ 40 ದಿನ ಕೊಡುತ್ತದೆ. ಪ್ರಕಟಣೆ, ದಾಖಲೆ, ಬಿಡ್ ಸ್ವೀಕಾರ ಮೂರೂ ವಿದ್ಯುನ್ಮಾನವಾದರೆ ತಲಾ 5 ದಿನ ಕಡಿತ, ಅಂದರೆ 25. ನಿಜವಾದ ತುರ್ತು ಇದ್ದರೆ 10ಕ್ಕೂ ಇಳಿಸಬಹುದು. ಆ 25 ದಿನದಲ್ಲಿ ಹೊರದೇಶದವರು ದಾಖಲೆ ಅನುವಾದಿಸಬೇಕು, ನೋಂದಣಿ ಪತ್ರಗಳಿಗೆ ಹೊರದೇಶದಲ್ಲಿ ಒಪ್ಪುವ ದೃಢೀಕರಣದ ಅಪೊಸ್ಟಿಲ್ ಮುದ್ರೆ ಹಾಕಿಸಬೇಕು, ಆ ದೇಶ ಒಪ್ಪುವ ಡಿಜಿಟಲ್ ಸಹಿ ಪಡೆಯಬೇಕು, ಬ್ಯಾಂಕ್ ಗ್ಯಾರಂಟಿ ತರಬೇಕು. ಸ್ಥಳೀಯ ಕಂಪನಿ ಅಷ್ಟೂ ದಿನವನ್ನು ದರ ಲೆಕ್ಕ ಹಾಕುವುದಕ್ಕೇ ಬಳಸುತ್ತದೆ.

ಬ್ಯಾಂಕ್ ಗ್ಯಾರಂಟಿಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಖರೀದಿದಾರ ತನ್ನ ದೇಶದಲ್ಲಿ ಪರವಾನಗಿ ಇರುವ ಬ್ಯಾಂಕಿನ ಗ್ಯಾರಂಟಿ ಮಾತ್ರ ಒಪ್ಪುವುದಾದರೆ, ಬಿಡ್‌ದಾರರ ಬ್ಯಾಂಕು ಬ್ಯಾಂಕುಗಳ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಪ್ರತಿ-ಗ್ಯಾರಂಟಿ ಕಳಿಸಬೇಕು, ಅದರ ಆಧಾರದ ಮೇಲೆ ಸ್ಥಳೀಯ ಬ್ಯಾಂಕು ಗ್ಯಾರಂಟಿ ಹೊರಡಿಸಬೇಕು. ಎರಡು ಬ್ಯಾಂಕಿನ ಕಮಿಷನ್, ಎರಡು ಕಡೆಯ ಕಾನೂನು ವಿಭಾಗದ ಪರಿಶೀಲನೆ. ಟೆಂಡರ್‌ನಲ್ಲಿ ಕೊಟ್ಟ ನಮೂನೆಯ ಒಂದು ವಾಕ್ಯ ಬದಲಾದರೂ, ಬಿಡ್‌ನ ಸಿಂಧುತ್ವಕ್ಕಿಂತ ಗ್ಯಾರಂಟಿಯ ಅವಧಿ ಒಂದು ದಿನ ಕಡಿಮೆಯಾದರೂ, ದರದ ಲಕೋಟೆ ತೆರೆಯದೆಯೇ ಬಿಡ್ ಹೊರಬೀಳುತ್ತದೆ. ಪ್ರಕಟಣೆ ಬಂದ ದಿನವೇ ನಮೂನೆಯನ್ನು ಎರಡೂ ಬ್ಯಾಂಕಿಗೆ ಕಳಿಸಿ, ಉಳಿದದ್ದು ಆಮೇಲೆ.

ಇನ್ನು ಅನುಭವದ ಷರತ್ತು. ‘ಇದೇ ರೀತಿಯ ಕೆಲಸ ಮಾಡಿರಬೇಕು’ ಎಂದು ಕೇಳಬಹುದು. ‘ಈ ದೇಶದ ಸರ್ಕಾರಿ ಸಂಸ್ಥೆಯಿಂದ ಗುತ್ತಿಗೆ ಪಡೆದಿರಬೇಕು’ ಎಂದು ಕೇಳುವುದನ್ನು 8ನೇ ವಿಧಿ ತಡೆಯುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಪದದ್ದು, ಪರಿಣಾಮ ಇಡೀ ಟೆಂಡರಿನದ್ದು. ಸ್ಥಳೀಯ ಕೂಲಿ, ಸ್ಥಳೀಯ ಸಾಮಗ್ರಿ ಆದಷ್ಟು ಹೆಚ್ಚು ಬಳಸಬೇಕೆಂಬ ಷರತ್ತೂ ಹಾಗೆಯೇ. ಡೆನ್ಮಾರ್ಕ್‌ನ ಸ್ಟೋರ್‌ಬೆಲ್ಟ್ ಸೇತುವೆಯ ಟೆಂಡರ್‌ನಲ್ಲಿ ಅಂಥ ಷರತ್ತಿತ್ತು. ಗುತ್ತಿಗೆಗೆ ಸಹಿ ಬೀಳುವ ಮುನ್ನ ಅದನ್ನು ಕೈಬಿಟ್ಟರೂ 1993ರ ತೀರ್ಪು ಉಲ್ಲಂಘನೆ ಎಂದೇ ಹೇಳಿತು. ಯಾಕೆಂದರೆ ಎಲ್ಲರೂ ದರ ಲೆಕ್ಕ ಹಾಕಿದ್ದು ಆ ಷರತ್ತಿನ ಅಡಿಯಲ್ಲಿ.

ಇಷ್ಟೆಲ್ಲ ತೊಡಕಿರುವುದರಿಂದಲೇ ದೊಡ್ಡ ಕಂಪನಿಗಳು ಸ್ಥಳೀಯ ಅಂಗಸಂಸ್ಥೆ ತೆರೆದು ಅದರ ಹೆಸರಲ್ಲಿ ಬಿಡ್ ಮಾಡುತ್ತವೆ. ಅಂಕಿಅಂಶದಲ್ಲಿ ಅದು ಸ್ವದೇಶಿ ಗುತ್ತಿಗೆಯಾಗಿ ದಾಖಲಾಗುತ್ತದೆ. ಶೇ 5 ಎಂಬುದನ್ನು ಓದುವಾಗ ಇದು ನೆನಪಿರಲಿ.

ತೂಕದಕಲ್ಲು:

ಇಬ್ಬರಿಗೂ ಧನ್ಯವಾದ. ಅಂಗಸಂಸ್ಥೆಯ ಮಾತು ಬಂದದ್ದಕ್ಕೆ ಒಂದು ಉಪಪ್ರಶ್ನೆ: ಬಿಡ್‌ದಾರ ಕಂಪನಿ ಒಪ್ಪಂದದ ದೇಶದ್ದು, ಆದರೆ ಸರಕು ಒಪ್ಪಂದದಲ್ಲಿಲ್ಲದ ದೇಶದಲ್ಲಿ ತಯಾರಾದದ್ದು. ಆಗ ಯಾವುದನ್ನು ನೋಡುತ್ತಾರೆ, ಕಂಪನಿಯ ವಿಳಾಸವನ್ನೋ ಸರಕಿನ ಮೂಲವನ್ನೋ?

ಉತ್ತರ: ಬಂದರುಕಟ್ಟೆ

ಎರಡನ್ನೂ, ದೇಶದಿಂದ ದೇಶಕ್ಕೆ ಬೇರೆ ಪ್ರಮಾಣದಲ್ಲಿ. ಜಿಪಿಎ 4ನೇ ವಿಧಿಯ ಪ್ರಕಾರ ಸರಕು ಯಾವ ದೇಶದ್ದೆಂದು ಗುರುತಿಸಲು ಖರೀದಿಗೆಂದೇ ಪ್ರತ್ಯೇಕ ನಿಯಮ ಮಾಡುವಂತಿಲ್ಲ, ಮಾಮೂಲಿ ವ್ಯಾಪಾರದ ನಿಯಮವನ್ನೇ ಬಳಸಬೇಕು. ಸ್ಥಳೀಯವಾಗಿ ನೆಲೆಗೊಂಡ ಕಂಪನಿಯನ್ನು ಅದರ ವಿದೇಶಿ ಒಡೆತನದ ಕಾರಣಕ್ಕೆ ಕೀಳಾಗಿ ಕಾಣುವಂತಿಲ್ಲ. ಆದರೆ ಈ ರಕ್ಷಣೆ ಸಿಗುವುದು ಒಪ್ಪಂದದ ಸದಸ್ಯರ ಸರಕಿಗೆ, ಸದಸ್ಯರ ಕಂಪನಿಗೆ ಮಾತ್ರ.

ಅಮೆರಿಕದಲ್ಲಿ ಸರಕಿನ ಮೂಲವೇ ಮುಖ್ಯ, ಅಲ್ಲಿನ ಲೆಕ್ಕ ಹೊರಗಿನವರಿಗೆ ತಲೆಕೆಳಗಾಗಿ ಕಾಣುತ್ತದೆ. ಒಪ್ಪಂದದ ಮಿತಿಗಿಂತ ಕೆಳಗಿನ ಖರೀದಿಗೆ 1933ರ ಬೈ ಅಮೆರಿಕನ್ ಕಾಯ್ದೆ ಅನ್ವಯ. ಅದು ವಿದೇಶಿ ಸರಕನ್ನು ನಿಷೇಧಿಸುವುದಿಲ್ಲ, ಹೋಲಿಕೆಯ ವೇಳೆ ಅದರ ಬೆಲೆಗೆ ದಂಡ ಸೇರಿಸುತ್ತದೆ: ಕಡಿಮೆ ದರದ ಸ್ವದೇಶಿ ಬಿಡ್ ದೊಡ್ಡ ಕಂಪನಿಯದಾದರೆ ಶೇ 20, ಸಣ್ಣ ಉದ್ದಿಮೆಯದಾದರೆ ಶೇ 30, ರಕ್ಷಣಾ ಇಲಾಖೆಯಲ್ಲಿ ಶೇ 50. ಸ್ವದೇಶಿ ಎನಿಸಿಕೊಳ್ಳಲು ಬಿಡಿಭಾಗಗಳ ವೆಚ್ಚದಲ್ಲಿ ಸ್ವದೇಶಿ ಪಾಲು 2022ರ ಅಕ್ಟೋಬರ್‌ನಿಂದ ಶೇ 60, 2024ರಿಂದ 65, 2029ರಿಂದ 75. ಮಿತಿ ದಾಟಿದರೆ 1979ರ ವ್ಯಾಪಾರ ಒಪ್ಪಂದಗಳ ಕಾಯ್ದೆ ಬರುತ್ತದೆ. ಒಪ್ಪಂದದ ದೇಶಗಳ ಸರಕಿಗೆ ದಂಡ ಮಾಫಿ; ಒಪ್ಪಂದದಲ್ಲಿಲ್ಲದ ದೇಶದ ಸರಕನ್ನು, ಬೇರೆ ದಾರಿಯಿಲ್ಲದ ಹೊರತು, ಕೊಳ್ಳುವಂತೆಯೇ ಇಲ್ಲ. ಅಂದರೆ ಪಟ್ಟಿಯಾಚೆಯ ಸರಕು ಸಣ್ಣ ಟೆಂಡರ್‌ನಲ್ಲಿ ದಂಡ ತೆತ್ತು ಗೆಲ್ಲಬಹುದು, ದೊಡ್ಡದರಲ್ಲಿ ಸ್ಪರ್ಧಿಸಲೂ ಆಗದು.

ಮೂಲ ಯಾವುದು ಎಂಬ ಪರೀಕ್ಷೆ ‘ಗಣನೀಯ ರೂಪಾಂತರ’: ಹೊಸ ಹೆಸರು, ಗುಣ, ಬಳಕೆಯ ವಸ್ತುವಾಗಿ ಎಲ್ಲಿ ಮಾರ್ಪಟ್ಟಿತು ಎಂಬುದು. ಭಾರತದಿಂದ ತಂದ ಔಷಧಮೂಲ ಬಳಸಿ ಅಮೆರಿಕದಲ್ಲಿ ಮಾಡಿದ ಮಾತ್ರೆ ಯಾವ ದೇಶದ್ದು ಎಂಬ ವ್ಯಾಜ್ಯ 2020ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿತ್ತು. ಕೊಳ್ಳುತ್ತಿರುವುದು ಮಾತ್ರೆ, ಅದು ತಯಾರಾದದ್ದು ಅಮೆರಿಕದಲ್ಲಿ, ಆದ್ದರಿಂದ ಅದು ಅಮೆರಿಕದ್ದೇ ಎಂದಿತು ತೀರ್ಪು.

ಐರೋಪ್ಯ ಒಕ್ಕೂಟ ಬೇರೆ ದಾರಿಯಲ್ಲಿದೆ. ಟರ್ಕಿಯ ಕಂಪನಿಯೊಂದು ಕ್ರೊಯೇಷಿಯಾದ ರೈಲು ಟೆಂಡರ್ ಪ್ರಶ್ನಿಸಿದ ಕೋಲಿನ್ ಪ್ರಕರಣದಲ್ಲಿ 2024ರ ಅಕ್ಟೋಬರ್ 22ರಂದು ನ್ಯಾಯಾಲಯ ಹೇಳಿದ್ದು ಇಷ್ಟು: ಖರೀದಿ ಒಪ್ಪಂದವಿಲ್ಲದ ದೇಶದ ಕಂಪನಿಗೆ ಸಮಾನ ನಡವಳಿಕೆಯ ಹಕ್ಕಿಲ್ಲ, ಸೇರಿಸಿಕೊಳ್ಳುವುದೋ ಬಿಡುವುದೋ ಟೆಂಡರ್ ಕರೆದ ಸಂಸ್ಥೆಗೆ ಬಿಟ್ಟದ್ದು. ಅಂಥ ದೇಶದಿಂದ ಬಿಡ್ ಮಾಡುವವರು ಪ್ರಕಟಣೆಯಲ್ಲಿ ಈ ಬಗ್ಗೆ ಏನು ಬರೆದಿದೆ ಎಂದು ಮೊದಲು ನೋಡಬೇಕು.

ಅದರ ಮೇಲೆ ಇನ್ನೆರಡು ಜರಡಿಗಳಿವೆ. ಒಕ್ಕೂಟದ 2022ರ ‘ಅಂತರರಾಷ್ಟ್ರೀಯ ಖರೀದಿ ಸಾಧನ’ ಎಂಬ ನಿಯಮದ ಅಡಿಯಲ್ಲಿ, 2025ರ ಜೂನ್‌ನಲ್ಲಿ, 50 ಲಕ್ಷ ಯೂರೊ ಮೀರಿದ ವೈದ್ಯಕೀಯ ಸಾಧನಗಳ ಟೆಂಡರ್‌ಗಳಿಂದ ಚೀನಾ ಕಂಪನಿಗಳನ್ನು ಹೊರಗಿಟ್ಟರು. ಗೆದ್ದವರೂ ಚೀನಾದಿಂದ ಅರ್ಧಕ್ಕಿಂತ ಹೆಚ್ಚು ತರುವಂತಿಲ್ಲ. ಮುಂದಿನ ತಿಂಗಳೇ ಚೀನಾ 4.5 ಕೋಟಿ ಯುವಾನ್ ಮೀರಿದ ವೈದ್ಯಕೀಯ ಖರೀದಿಗೆ ಅದೇ ಬಗೆಯ ನಿರ್ಬಂಧ ಹೇರಿತು. ಇನ್ನೊಂದು ವಿದೇಶಿ ಸಬ್ಸಿಡಿ ನಿಯಮ: ಗುತ್ತಿಗೆ 25 ಕೋಟಿ ಯೂರೊ ಮುಟ್ಟಿ, ಹಿಂದಿನ ಮೂರು ವರ್ಷದಲ್ಲಿ ಒಂದೇ ಹೊರದೇಶದಿಂದ 40 ಲಕ್ಷ ಯೂರೊ ಹಣಕಾಸಿನ ನೆರವು ಬಂದಿದ್ದರೆ ಬಿಡ್ ಜತೆಗೇ ಘೋಷಿಸಬೇಕು. ಬಲ್ಗೇರಿಯಾದ 20 ವಿದ್ಯುತ್ ರೈಲುಗಳ ಟೆಂಡರ್‌ನಲ್ಲಿ 2024ರ ಫೆಬ್ರುವರಿಯಲ್ಲಿ ಇದರಡಿ ಮೊದಲ ಆಳವಾದ ತನಿಖೆ ಶುರುವಾಯಿತು. ಮಾರ್ಚ್‌ನಲ್ಲಿ ಚೀನಾದ ರೈಲು ತಯಾರಕ ಸಿಆರ್‌ಆರ್‌ಸಿಯ ಅಂಗಸಂಸ್ಥೆ ಬಿಡ್ ಹಿಂಪಡೆಯಿತು. ಗಮನಿಸಿ, ‘ಹಣಕಾಸಿನ ನೆರವು’ ಎಂದರೆ ಸಬ್ಸಿಡಿ ಮಾತ್ರವಲ್ಲ. ಸರ್ಕಾರಕ್ಕೆ ಮಾರಿದ ಸರಕಿನ ಹಣ, ತೆರಿಗೆ ವಿನಾಯಿತಿ, ಸಾಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಡೀ ಕಂಪನಿ ಸಮೂಹದ ಮೂರು ವರ್ಷದ ಲೆಕ್ಕ ತೆಗೆಯುವುದು ವಾರಗಳ ಕೆಲಸ.

ಉತ್ತರ: ಹರಾಜುಕಟ್ಟೆ

ಮೂರನೇ ಪ್ರಶ್ನೆ ಉಳಿದಿದೆ. ಬೆಲೆ ಆದ್ಯತೆ ಯಾವಾಗಲೂ ನಷ್ಟವಲ್ಲ, ಆದರೆ ಲಾಭದ ಕಿಂಡಿ ಕಿರಿದು.

ವಿದೇಶಿ ಕಂಪನಿಯ ವೆಚ್ಚ 80, ಸ್ವದೇಶಿಯದು 100 ಎಂದಿಟ್ಟುಕೊಳ್ಳಿ, ಇಬ್ಬರೇ ಸ್ಪರ್ಧಿಗಳು, ಇಬ್ಬರಿಗೂ ಎದುರಾಳಿಯ ವೆಚ್ಚದ ಅಂದಾಜಿದೆ. ಆದ್ಯತೆ ಇಲ್ಲದಿದ್ದರೆ ವಿದೇಶಿ ಕಂಪನಿ 99 ಹೇಳಿ ಗೆಲ್ಲುತ್ತದೆ. ಶೇ 10 ಆದ್ಯತೆ ಇಟ್ಟರೆ ಅದರ ದರವನ್ನು 1.1ರಿಂದ ಗುಣಿಸಿ ಹೋಲಿಸುತ್ತಾರೆ. ಈಗ ಗೆಲ್ಲಲು ಅದು 90.9ಕ್ಕಿಂತ ಕೆಳಗೆ ಇಳಿಯಲೇಬೇಕು. ಖಜಾನೆಗೆ ಉಳಿತಾಯ. ಆದರೆ ಆದ್ಯತೆ ಶೇ 25 ದಾಟಿದರೆ ಆಟ ತಿರುಗುತ್ತದೆ. ಶೇ 30 ಇದ್ದಾಗ ವಿದೇಶಿ ಕಂಪನಿ ವೆಚ್ಚದರದಲ್ಲೇ ಕೊಟ್ಟರೂ ಹೋಲಿಕೆಯ ಬೆಲೆ 104 ಆಗುತ್ತದೆ. ಸ್ವದೇಶಿ ಕಂಪನಿ 103 ಹೇಳಿ ಗೆಲ್ಲುತ್ತದೆ. ಅಂದರೆ ಆದ್ಯತೆಯ ಪ್ರಮಾಣ ವೆಚ್ಚದ ಅಂತರಕ್ಕಿಂತ ಚಿಕ್ಕದಿರಬೇಕು, ಆ ಅಂತರ ಮೊದಲೇ ಗೊತ್ತಿರಬೇಕು. ಹೊರಗಿನ ಸ್ಪರ್ಧಿಗಳೇ ನಾಲ್ಕೈದು ಮಂದಿ ಇದ್ದರೆ ಅವರ ನಡುವಿನ ಪೈಪೋಟಿಯೇ ದರವನ್ನು ತಗ್ಗಿಸಿರುತ್ತದೆ; ಆಗ ಆದ್ಯತೆಯಿಂದ ಸಿಗುವುದು ನಷ್ಟ ಮಾತ್ರ. ವಿಶ್ವಬ್ಯಾಂಕ್ ಹಣದ ಯೋಜನೆಗಳಲ್ಲಿ ಸರಕಿಗೆ ಶೇ 15, ಕಾಮಗಾರಿಗೆ ಶೇ 7.5 ಎಂಬ ಮೇಲ್ಮಿತಿ ಇರುವುದು ಈ ದೃಷ್ಟಿಯಿಂದ ಸಮಂಜಸ ಎನಿಸುತ್ತದೆ.

ವ್ಯಾಪಾರದ ಮೇಲಿನ ಪರಿಣಾಮವೂ ಎಲ್ಲ ಸರಕಿಗೂ ಒಂದೇ ಅಲ್ಲ. ಕಾಗದ, ಕುರ್ಚಿಯಂಥ ಸರಕಿನಲ್ಲಿ ಸರ್ಕಾರದ ಪಾಲು ಸಣ್ಣದು. ಸರ್ಕಾರ ಸ್ವದೇಶಿ ಕೊಂಡರೆ ಖಾಸಗಿಯವರು ಅಷ್ಟನ್ನೇ ಆಮದು ಮಾಡಿಕೊಳ್ಳುತ್ತಾರೆ, ಒಟ್ಟು ಆಮದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ರೈಲು, ವಿದ್ಯುತ್ ಜಾಲ, ಆಸ್ಪತ್ರೆ ಉಪಕರಣಗಳಲ್ಲಿ ಸರ್ಕಾರವೇ ಮುಖ್ಯ ಖರೀದಿದಾರ. ಅಲ್ಲಿ ಬಾಗಿಲು ಮುಚ್ಚಿದರೆ ಹೊರಗಿನವರಿಗೆ ಬೇರೆ ಮಾರುಕಟ್ಟೆಯೇ ಇಲ್ಲ. ಜಗಳಗಳೆಲ್ಲ ಈ ಕ್ಷೇತ್ರಗಳಲ್ಲೇ ನಡೆಯುವುದು ಅದಕ್ಕೆ.

ಸ್ಪರ್ಧೆಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಪಾರದರ್ಶಕತೆಯ ನಿಯಮಗಳು, ಒಳಗೊಳಗೇ ದರ ಹೊಂದಿಸಿಕೊಳ್ಳುವ ಬಿಡ್ ಕೂಟಗಳಿಗೂ ಸಹಾಯ ಮಾಡಬಲ್ಲವು. ಎಲ್ಲ ಬಿಡ್‌ದಾರರ ಹೆಸರು, ದರಗಳನ್ನು ಓದಿ ಹೇಳಿದಾಗ, ಒಳಒಪ್ಪಂದ ಮುರಿದವರು ಯಾರೆಂದು ಕೂಟಕ್ಕೆ ಅಂದೇ ಗೊತ್ತಾಗುತ್ತದೆ. ಕೂಟವನ್ನು ಒಡೆಯುವುದು ಅದರ ಲೆಕ್ಕದಲ್ಲಿಲ್ಲದ ಹೊಸಬರು, ಬಹುಪಾಲು ಹೊರಗಿನವರು. ಅವರು ಬರಬೇಕೆಂದರೆ ಟೆಂಡರ್ ಬರೆಯುವಾಗಲೇ ಕೆಲವು ಎಚ್ಚರ ಬೇಕು. ನಿರೀಕ್ಷಿತ ಬಿಡ್‌ದಾರರ ಸಂಖ್ಯೆಗೆ ಸಮನಾಗಿ ಲಾಟುಗಳನ್ನು (ಟೆಂಡರಿನ ಬಿಡಿ ಭಾಗಗಳನ್ನು) ಮಾಡಬೇಡಿ. ನಾಲ್ವರಿಗೆ ನಾಲ್ಕು ಲಾಟು ಎಂದರೆ ಹಂಚಿಕೊಳ್ಳಿ ಎಂದು ಕರೆದಂತೆ. ಬಿಡ್-ಪೂರ್ವ ಸಭೆಗೆ ಹಾಜರಿ ಕಡ್ಡಾಯ ಮಾಡಬೇಡಿ, ಪ್ರಶ್ನೆಗಳನ್ನು ಲಿಖಿತವಾಗಿ ಪಡೆದು ಕೇಳಿದವರ ಹೆಸರಿಲ್ಲದೆ ಉತ್ತರ ಪ್ರಕಟಿಸಿ. ದರವನ್ನು ಸ್ವತಂತ್ರವಾಗಿ ನಿರ್ಧರಿಸಿದ್ದೇನೆ ಎಂಬ ಸಹಿ ಮಾಡಿದ ಘೋಷಣೆ ಪಡೆಯಿರಿ. ಗೆದ್ದವರು ಸೋತವರಿಗೇ ಉಪಗುತ್ತಿಗೆ ಕೊಡುತ್ತಿದ್ದರೆ ಹಳೆಯ ನಾಲ್ಕೈದು ಟೆಂಡರ್‌ಗಳನ್ನು ಪಕ್ಕದಲ್ಲಿಟ್ಟು ನೋಡಿ. ಸರದಿ ಗೆಲುವಿನ ಗುರುತು ಅಲ್ಲೇ ಸಿಗುತ್ತದೆ.

ಅನುಬಂಧಏಳು:

ನೀಲಿಶಾಯಿ ಅವರ ಪಟ್ಟಿಗೆ ಒಂದು ಸೇರ್ಪಡೆ, ತುರ್ತು ಮತ್ತು ಸೀಮಿತ (ಎಲ್ಲರನ್ನೂ ಕರೆಯದ) ಟೆಂಡರ್ ಬಗ್ಗೆ. ನಾರ್ವೆಯ ಟ್ರಾಂಡ್‌ಹೈಮ್ ನಗರದ ಟೋಲ್ ಉಪಕರಣವನ್ನು ಸಂಶೋಧನೆ, ಮೂಲಮಾದರಿ ಎಂಬ ನೆಪದಲ್ಲಿ ಒಂದೇ ಕಂಪನಿಯಿಂದ ಕೊಂಡದ್ದು ತಪ್ಪು ಎಂದು 1992ರಲ್ಲೇ ಗ್ಯಾಟ್‌ನ ವ್ಯಾಜ್ಯ ಸಮಿತಿ ಹೇಳಿತ್ತು. ನಗರಕ್ಕೆ ಬೇಕಿದ್ದದ್ದು ಸಂಶೋಧನೆಯ ಫಲವಲ್ಲ, ಕೆಲಸ ಮಾಡುವ ಉಪಕರಣ.

ಇಂಥದ್ದು ಕಂಡರೆ ದೂರಿನ ಗಡುವು ಮೊದಲು ನೋಡಿ. ಜಿಪಿಎ 18ನೇ ವಿಧಿ ಕನಿಷ್ಠ 10 ದಿನ ಕೊಡುತ್ತದೆ, ಎಣಿಕೆ ಶುರುವಾಗುವುದು ದೋಷ ಗೊತ್ತಾದ ದಿನದಿಂದ ಅಥವಾ ಗೊತ್ತಾಗಬೇಕಿದ್ದ ದಿನದಿಂದ. ಟೆಂಡರ್ ದಾಖಲೆಯಲ್ಲೇ ಇರುವ ದೋಷ ದಾಖಲೆ ಇಳಿಸಿಕೊಂಡ ದಿನವೇ ಗೊತ್ತಾಗಬೇಕಿತ್ತು ಎಂದು ವಾದಿಸುತ್ತಾರೆ. ಫಲಿತಾಂಶಕ್ಕೆ ಕಾದು ಕೂತವರ ದೂರು ತಳ್ಳಿಹೋಗುವುದು ಇಲ್ಲೇ. ಐರೋಪ್ಯ ಒಕ್ಕೂಟದಲ್ಲಿ ಫಲಿತಾಂಶ ವಿದ್ಯುನ್ಮಾನವಾಗಿ ತಿಳಿಸಿದ 10 ದಿನದ ತನಕ ಗುತ್ತಿಗೆಗೆ ಸಹಿ ಹಾಕುವಂತಿಲ್ಲ. ಆ ಅವಧಿಯೊಳಗೆ ತಡೆ ಕೇಳಿ, ಸೋತದ್ದಕ್ಕೆ ಕಾರಣವನ್ನೂ ಲಿಖಿತವಾಗಿ ಕೇಳಿ. ಸಹಿ ಬಿದ್ದ ಮೇಲೆ ಜಿಪಿಎ ಖಾತರಿಪಡಿಸುವ ಪರಿಹಾರ ಬಿಡ್ ತಯಾರಿಯ ಅಥವಾ ದೂರಿನ ವೆಚ್ಚಕ್ಕೇ ಸೀಮಿತವಾಗಬಹುದು.